ಆಮೆಯ ಹಣೆಯ ಅರ್ಧ ಹೂವು

ಬೇರು ಹಾಗೇ ಇತ್ತು.

ಕೊಡೆಯ ಮೊನೆಯಿಂದ ಗಂಧದ ಮರದ ಬುಡದ ಮಣ್ಣು ಕೆದಕುತ್ತಾ ಹೋದಂತೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಇದನ್ನು ಸೋಮವಾರವೇ ನೋಡಬೇಕಾಗಿತ್ತು. ಇವತ್ತು ಶುಕ್ರವಾರ.

ಇಪ್ಪತ್ತೊಂಬತ್ತು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು ನಾನು. ಗಂಧದ ಕಳ್ಳರನ್ನು ಹಿಡಿದಿದ್ದೇನೆ, ಎದುರು ಕೂರಿಸಿಕೊಂಡು ಟೀ ಕೊಡಿಸಿ ಮಾತಾಡಿಸಿದ್ದೇನೆ. ಅವರು ಮೊದಲು ಬುಡದ ಹತ್ತಿರ ತೂತು ಕೊರೆದು ಒಳಗೆ ಚೇಗು, ಅಂದರೆ ಪರಿಮಳದ ತಿರುಳು, ಕಟ್ಟಿದೆಯೋ ಇಲ್ಲವೋ ನೋಡುತ್ತಾರೆ. ಆಮೇಲೆ ಬೇರು ಸಮೇತ ಅಗೆದು ಒಯ್ಯುತ್ತಾರೆ. ಎಣ್ಣೆ ಹೆಚ್ಚಿರುವುದೇ ಬೇರಿನಲ್ಲಿ. ಅದನ್ನು ಬಿಟ್ಟು ಹೋದ ಗಂಧದ ಕಳ್ಳನನ್ನು ನಾನು ಕಂಡಿಲ್ಲ.

ಇಲ್ಲಿ ತೂತಿಲ್ಲ. ಮರವನ್ನು ಮೊಣಕಾಲೆತ್ತರಕ್ಕೆ ನೀಟಾಗಿ ಕೊಯ್ದು, ಬೇರನ್ನು ಮಣ್ಣಿಗೇ ಬಿಟ್ಟು ಹೋಗಿದ್ದರು.

ಸೋಮವಾರ ನಾನು ಬೇರು ನೋಡಲಿಲ್ಲ. ಮಾಲಿಯ ಶೆಡ್ಡಿನಲ್ಲಿದ್ದ ಗರಗಸ ನೋಡಿದೆ. ಅದರ ಹಲ್ಲಿನಲ್ಲಿ ಮರದ ಪುಡಿ ಇತ್ತು. "ಕೊಯ್ದಿರೋದು ಮುನಿಯಣ್ಣನ ಗರಗಸದಲ್ಲೇ" ಎಂದು ಎಲ್ಲರೆದುರು ಹೇಳಿಬಿಟ್ಟೆ. ಬಡಾವಣೆ ಸಂಘದ ಅಧ್ಯಕ್ಷ ಸೋಮಲಿಂಗಪ್ಪನವರು ಮುಂದೆ ಬಂದು ಮುನಿಯಣ್ಣನ ಕೆನ್ನೆಗೆ ಹೊಡೆದರು. ಹದಿನೆಂಟು ವರ್ಷ ಈ ಪಾರ್ಕಿಗೆ ನೀರು ಹಾಕಿದ ಮನುಷ್ಯ ಕೆನ್ನೆ ಕೂಡ ಸವರಿಕೊಳ್ಳಲಿಲ್ಲ. ಬೀಗದ ಕೈಯನ್ನು ಬೆಂಚಿನ ಮೇಲಿಟ್ಟು ಹೊರಟುಹೋದ.

ಕದ್ದ ತುಂಡುಗಳು ಎಲ್ಲಿವೆ ಎಂದು ಇವತ್ತು ಸಂಜೆ ಐದರೊಳಗೆ ಅವನು ಹೇಳದಿದ್ದರೆ ಸಂಘದವರು ಪೊಲೀಸರಿಗೆ ದೂರು ಕೊಡುತ್ತಾರೆ. ಗಂಧದ ಕೇಸಿನಲ್ಲಿ ಒಳಗೆ ಹೋದರೆ ಅರವತ್ತು ದಾಟಿದ ಬಡ ಮಾಲಿ ಯಾವಾಗ ಹೊರಗೆ ಬಂದಾನು? ಅದಕ್ಕೆ ದಾರಿ ಮಾಡಿಕೊಟ್ಟಿದ್ದು ನನ್ನ ಒಂದು ಮಾತು.

ಗಡಿಯಾರ ನೋಡಿದೆ. ಮೂರೂ ಮುಕ್ಕಾಲು.

ಬಸವೇಶ್ವರನಗರದ ಈ ಪಾರ್ಕನ್ನು ಪಾರ್ಕು ಎನ್ನುವುದೇ ದೊಡ್ಡ ಮಾತು. ಎರಡು ಅಡ್ಡರಸ್ತೆ ಕೂಡುವಲ್ಲಿ ಉಳಿದುಹೋದ ತ್ರಿಕೋನ ಜಾಗ. ಮೂರು ಬಸ್ಸು ನಿಲ್ಲಿಸಿದರೆ ತುಂಬಿಹೋಗುತ್ತದೆ. ಆದರೂ ಅದರೊಳಗೆ ಎರಡು ಹೊಂಗೆ ಮರ, ಮಕರಂದ ಹೀರಲು ಸೂರಕ್ಕಿ ಬರುವ ದಾಸವಾಳದ ಸಾಲು, ನಾಯಂಡಹಳ್ಳಿಯ ಗುಜರಿ ಕಬ್ಬಿಣದ ಕಾಲಿನ ಮೇಲೆ ನಿಂತ ಒಂದು ಜೋಡಿ ಸಿಮೆಂಟ್ ಕೊಕ್ಕರೆ, ಮಧ್ಯದಲ್ಲಿ ನಾಲ್ಕು ಮಕ್ಕಳು ಹತ್ತಿ ಕೂರುವಷ್ಟು ದೊಡ್ಡ ಆಮೆ. ಎಲ್ಲವನ್ನೂ ಕಟ್ಟಿದವರು ಶಿಲ್ಪಿ ಜಂಬಣ್ಣ, ಕೊಪ್ಪಳದ ಕಡೆಯವರು, ಈಗ ಇರುವುದು ಸುಂಕದಕಟ್ಟೆಯಲ್ಲಿ.

ಆಮೆ ಎಂಟು ವರ್ಷದ ಹಿಂದಿನದು. ಮನೆಗೆ ನೆಲ ಹಾಕಿಸಿದಾಗ ಉಳಿದ ಟೈಲ್ಸು ಪ್ರತಿಯೊಬ್ಬರ ಅಟ್ಟದ ಮೇಲೂ ಇರುತ್ತದಲ್ಲ, ಅದನ್ನು ಮನೆಮನೆಗೂ ಹೋಗಿ ಬೇಡಿ ತಂದು ಅದರ ಚಿಪ್ಪಿಗೆ ಅಂಟಿಸಿದ್ದರು. ಆ ಮನೆಗಳಲ್ಲಿ ಎಷ್ಟೋ ಇವತ್ತು ಒಡೆದು ಅಪಾರ್ಟ್‌ಮೆಂಟ್ ಆಗಿವೆ. ಅವುಗಳ ನೆಲದ ಒಂದು ಚೂರು ಮಾತ್ರ ಆಮೆಯ ಬೆನ್ನ ಮೇಲೆ ಉಳಿದಿದೆ.

ಆಗ ಜಂಬಣ್ಣನ ಜೊತೆ ಕೂತು ಟೈಲ್ಸ್ ಅಂಟಿಸಿದವನು ಸೋಮಲಿಂಗಪ್ಪನವರ ಮಗ ಕಲ್ಮೇಶ್. ತಮ್ಮ ಮನೆಯ ದೇವರ ಕೋಣೆಯ ಹಸಿರು ಟೈಲನ್ನು, ಮಧ್ಯೆ ಕೆಂಪು ಹೂವಿದ್ದದ್ದನ್ನು, ಎರಡು ಹೋಳು ಮಾಡಿ ಒಂದನ್ನು ಆಮೆಯ ಹಣೆಗೆ ಇಟ್ಟ. ಇನ್ನೊಂದು ಹೋಳನ್ನು ಆಮೇಲೆ ಹಾಕ್ತೀನಿ ಎಂದು ಜೇಬಿಗೆ ಹಾಕಿಕೊಂಡ. ಎರಡು ವರ್ಷ ಕಳೆದ ಮೇಲೆ ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟ. ಆ ಹೋಳೂ ಅವನ ಜೊತೆ ಹೋಯಿತು. ಆರು ವರ್ಷದಿಂದ ಆಮೆಯ ಹಣೆಯ ಮೇಲೆ ಅರ್ಧ ಹೂವು, ಅದರ ಪಕ್ಕದಲ್ಲಿ ಬರೀ ಸಿಮೆಂಟು.

ಕೊಯ್ದುಹೋದ ಗಂಧದ ಮರವೂ ಅವನದೇ. ಹನ್ನೆರಡು ವರ್ಷದವನಿದ್ದಾಗ ನೆಟ್ಟಿದ್ದು. ಅವನು ಹೋದ ಮೇಲೆ ತಾಯಿ ಕಮಲಾಕ್ಷಮ್ಮ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ತಂದು ಅದರ ಬುಡಕ್ಕೆ ಹಾಕುತ್ತಿದ್ದರು. "ಮಗ ಬಂದ್ರೆ ಮೊದಲು ಮರ ನೋಡ್ತಾನೆ, ಆಮೇಲೆ ಮನೆ" ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ಮರ ಕಳುವಾದ ಸುದ್ದಿ ಕೇಳಿ ನನಗೆ ಫೋನ್ ಮಾಡಿದವರೂ ಅವರೇ. ಸೋಮಲಿಂಗಪ್ಪನವರು ಮಾತ್ರ ಅಧ್ಯಕ್ಷರಾಗಿದ್ದರೂ ಈ ಮೂಲೆಗೆ ಕಾಲಿಡುತ್ತಿರಲಿಲ್ಲ.

ಬುಡದ ಸುತ್ತ ಮಣ್ಣಿನ ಮೇಲೆ ಬೂದುಬಣ್ಣದ ಹಕ್ಕಳೆ ಕಟ್ಟಿತ್ತು. ಕೊಡೆಯಿಂದ ಕುಟ್ಟಿದೆ. ಟಕ್ ಎಂದಿತು. ಮಣ್ಣು ಹಾಗೆ ಸದ್ದು ಮಾಡುವುದಿಲ್ಲ.

ಎದ್ದು ಆಮೆಯ ಕಡೆ ತಿರುಗಿದೆ. ಎರಡು ಕಡೆ ಗೋಣಿಚೀಲ ಹೊದಿಸಿದ್ದರು, ಒಂದು ಬಾಲದ ಹತ್ತಿರ, ಇನ್ನೊಂದು ತಲೆಯ ಮೇಲೆ. ಮುಟ್ಟಿ ನೋಡಿದೆ. ಬಾಲದ ಚೀಲ ತೇವ, ತಲೆಯ ಚೀಲ ಪೂರ್ತಿ ಒಣಗಿತ್ತು.

ಒದ್ದೆ ಗೋಣಿ ಹೊದಿಸುವುದು ಹೊಸ ಸಿಮೆಂಟಿಗೆ. ಎಂಟು ವರ್ಷದ ಆಮೆಗೆ ಯಾಕೆ? ಅದೂ ಮಾಲಿಯನ್ನು ಓಡಿಸಿ ನಾಲ್ಕು ದಿನವಾದ ಮೇಲೆ?

ಇವತ್ತು ಬೆಳಿಗ್ಗೆಯಿಂದ ಗೇಟಿಗೆ ಬೀಗ ಬೇರೆ. ಯಾರೂ ಬಂದು ಗುರುತು ಕೆಡಿಸಬಾರದೆಂದು ನಾನೇ ಹಾಕಿಸಿದ್ದೆ. ಬರುವಾಗ ಗೇಟಿಗೆ ಅಡ್ಡವಾಗಿ ಯಾರೋ ನೀರು ತುಂಬಿದ ಐದು ಲೀಟರಿನ ಕ್ಯಾನ್ ಇಟ್ಟುಹೋಗಿದ್ದರು. ಅದನ್ನು ಕಾಲಿನಿಂದ ಪಕ್ಕಕ್ಕೆ ನೂಕಿ, ಬೀಗ ತೆಗೆದು ಒಳಗೆ ಬಂದು, ಅಭ್ಯಾಸಬಲದಿಂದ ಎಲ್ಲದರ ಫೋಟೋ ಹಿಡಿದಿದ್ದೆ. ಫಲಕದ ಮೇಲಿದ್ದ ಸೋಮಲಿಂಗಪ್ಪನವರ ಸುತ್ತೋಲೆಯನ್ನೂ ಬಿಟ್ಟಿರಲಿಲ್ಲ.

ಆ ಸುತ್ತೋಲೆ ಭಾನುವಾರ ಮಧ್ಯಾಹ್ನದ್ದು. "ಉದ್ಯಾನದ ಮೂಲೆಯಲ್ಲಿದ್ದ ಗಂಧದ ಮರವನ್ನು ತೆಗೆಸಲಾಗಿದೆ. ನಿವಾಸಿಗಳು ಸಹಕರಿಸಬೇಕು." ಕಳ್ಳತನ ಎಂದರೆ ಜನ ಗಾಬರಿಯಾಗುತ್ತಾರೆ, ಕಳ್ಳ ಸಿಗುವತನಕ ಹೀಗಿರಲಿ ಎಂದು ಅವರೇ ಬರೆದು ಸಹಿ ಹಾಕಿದ್ದರು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಸುತ್ತೋಲೆ ಓದಿದವರೆಲ್ಲ ಕೆಳಗೆ 'ಓದಿದೆ' ಎಂದು ಬರೆದು ಮನೆ ನಂಬರ್ ಹಾಕಲೇಬೇಕು. ಮನೆಯಲ್ಲೂ ಅದೇ ಕಾನೂನು. "ನಾಳೆ ನಲ್ಲಿ ನೀರು ಬರೋದಿಲ್ಲ ಅಂತ ಫ್ರಿಜ್ ಮೇಲೆ ಚೀಟಿ ಅಂಟಿಸಿ ನನ್ನ ಕೈಲೂ ಕಲ್ಮೇಶನ ಕೈಲೂ ಓದಿದೆ ಅಂತ ಬರೆಸ್ತಿದ್ರು ಕಣಮ್ಮ" ಎಂದು ಕಮಲಾಕ್ಷಮ್ಮ ಒಮ್ಮೆ ನಗುತ್ತಾ ಹೇಳಿದ್ದರು.

ಹಿಂದಿನ ಬೇಲಿಯ ಹತ್ತಿರ ತಂತಿ ಕಿರ್ರೆಂದಿತು. ನಾನು ಹೊಂಗೆ ಮರದ ಮರೆಗೆ ಸರಿದೆ.

ತಂತಿ ಬಗ್ಗಿಸಿ ಮಾಡಿದ ಸಂದಿಯಿಂದ ಮೊದಲು ಒಂದು ಬಕೆಟ್ ಬಂತು, ಅದರ ಹಿಂದೆ ಮುನಿಯಣ್ಣ. ನೇರವಾಗಿ ಆಮೆಯ ಬಾಲದ ಹತ್ತಿರ ಹೋದ.

"ಬಕೆಟ್ ಇಳಿಸು ಮುನಿಯಣ್ಣ, ಕೈ ನೋಯುತ್ತೆ."

ಅವನು ಬೆಚ್ಚಿದ. ಅರ್ಧ ನೀರು ಅವನ ಕಾಲಿನ ಮೇಲೆಯೇ ಬಿತ್ತು.

"ಅಮ್ಮೋರೆ... ಗಿಡಕ್ಕೆ ನೀರು ಹಾಕೋಣ ಅಂತ..."

"ಗಿಡ ಆ ಕಡೆ ಇದೆ. ನೀನು ಆಮೆ ಕಡೆ ಬಂದೆ."

"ಆಮೆಗೂ ಬಿಸಿಲಲ್ವಾ ಅಮ್ಮೋರೆ."

ನಗು ಬಂತು, ನಗಲಿಲ್ಲ. ಅಷ್ಟರಲ್ಲಿ ಬೇಲಿಯ ಹಿಂದಿನಿಂದ ಇನ್ನೊಂದು ದನಿ.

"ಮುನಿಯಣ್ಣಾ, ಎರಡನೇ ಬಕೆಟ್ ಹಿಡಿಯೋ ಮಾರಾಯಾ! ಕೈ ಸೋತು ಹೋತು ನಂದು."

ಮುನಿಯಣ್ಣ ಕಣ್ಣು ಮುಚ್ಚಿಕೊಂಡ.

"ಜಂಬಣ್ಣನವರೇ, ಬಕೆಟ್ ಸಮೇತ ನೀವೂ ಒಳಗೆ ಬನ್ನಿ" ಎಂದೆ.

ಬೇಲಿಯ ಹಿಂದೆ ಬಕೆಟ್ ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ, "ಅಕ್ಕಾರ, ನಾ ಇಲ್ಲೇ ಸುಮ್ನ ಹೊಂಟಿದ್ದೆರಿ."

"ಬಕೆಟ್ ನೀರು ಹಿಡ್ಕೊಂಡು ವಾಕಿಂಗಾ?"

ಜಂಬಣ್ಣ ಬಂದರು. ತೆಳ್ಳನೆಯ ಮುದುಕ, ಉಗುರಿನ ಸಂದಿಯಲ್ಲೆಲ್ಲ ಸಿಮೆಂಟು. ಇಬ್ಬರೂ ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆ ಹುಡುಗರ ಹಾಗೆ ಪಕ್ಕಪಕ್ಕ ನಿಂತರು.

"ಮೊದಲು ನನ್ನ ತಪ್ಪು ಒಪ್ಪಿಕೋತೀನಿ" ಎಂದೆ. "ಸೋಮವಾರ ಗರಗಸ ನೋಡಿ ಬಾಯಿಬಿಟ್ಟೆ. ಅದರ ಹಲ್ಲಲ್ಲಿದ್ದ ಪುಡಿ ಒಣಗಿದ್ದು, ಹಿಟ್ಟಿನ ಹಾಗೆ ಉದುರಿತು. ಹಸಿ ಮರ ಕೊಯ್ದಿದ್ರೆ ಅಂಟಿಕೊಂಡಿರ್ತಿತ್ತು. ಮರ ಬಿದ್ದ ಜಾಗದಲ್ಲಿ ಒಂದು ಹಸಿರೆಲೆ ಇರಲಿಲ್ಲ. ಎರಡನ್ನೂ ನೋಡಿದೆ, ಆದರೆ ಯೋಚನೆ ಮಾಡಲಿಲ್ಲ. ಆ ಮರ ಕೊಯ್ಯೋಕೆ ಮುಂಚೆಯೇ ಸತ್ತಿತ್ತು. ಹೌದೋ ಅಲ್ವೋ?"

ಮುನಿಯಣ್ಣ ನೆಲ ನೋಡಿದ.

"ಬುಡದಲ್ಲಿ ಸಿಮೆಂಟ್ ಹೆಪ್ಪುಗಟ್ಟಿದೆ. ಅದನ್ನ ನೀನು ಹಾಕಿದ್ದಲ್ಲ."

"ಅವನನ್ನ ಯಾಕ್ ಕೇಳ್ತೀರಿ ಅಕ್ಕಾರ" ಎಂದರು ಜಂಬಣ್ಣ. "ಆ ನೀರು ನಂದ್ರಿ."

ಕೊಕ್ಕರೆ ಜೋಡಿ ಕಟ್ಟಿದ್ದು ಈ ಬೇಸಿಗೆಯಲ್ಲಿ, ಮೂರು ತಿಂಗಳ ಕೆಲಸ. ಬೋರ್‌ವೆಲ್ ಬತ್ತಿ ಬಡಾವಣೆಗೆ ಟ್ಯಾಂಕರ್ ಬರುತ್ತಿದ್ದ ಕಾಲ. "ಒಂದು ಲೋಟ ನೀರೂ ಚರಂಡಿಗೆ ಹೋಗಕೂಡದು" ಎಂದು ಸೋಮಲಿಂಗಪ್ಪನವರ ಸುತ್ತೋಲೆ ಆಗಲೂ ಇತ್ತು. ಜಂಬಣ್ಣ ಕೂಡ ಅದರ ಕೆಳಗೆ 'ಓದಿದೆ' ಎಂದು ಬರೆದವರೇ. ದಿನಾ ಸಂಜೆ ಕರಣೆ, ಬಾಣಲಿ, ಬಕೆಟ್ ತೊಳೆದ ನೀರನ್ನೆಲ್ಲ ಪಕ್ಕದಲ್ಲಿದ್ದ ಗಂಧದ ಮರದ ಬುಡಕ್ಕೆ ಸುರಿದಿದ್ದರು.

"ನೀರು ಕುಡೀಲಿ ಪಾಪ ಅಂತ ಹಾಕಿದ್ದೆರಿ. ನಲವತ್ತು ವರ್ಷ ಸಿಮೆಂಟಿನಾಗ ಕೈ ಆಡ್ಸೀನಿ. ಕೈಯಾಗಿನ ತೊಗಲು ಸುಲಿತೈತಿ ಅಂತ ಗೊತ್ತು. ಬೇರಿಗೂ ತೊಗಲು ಇರ್ತೈತಿ ಅಂತ ಹೊಳೀಲೇ ಇಲ್ರಿ."

"ಕಮಲಾಕ್ಷಮ್ಮನವರಿಗೆ ಯಾಕೆ ಹೇಳಲಿಲ್ಲ?"

ಇದಕ್ಕೆ ಉತ್ತರ ಮುನಿಯಣ್ಣನ ಹತ್ತಿರ ಇತ್ತು.

ಫೆಬ್ರವರಿಯಲ್ಲಿ ಕಮಲಾಕ್ಷಮ್ಮನವರಿಗೆ ಮಂಡಿ ಆಪರೇಷನ್ ಆಯಿತು. ನಡೆಯುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ಚೊಂಬು ನೀರನ್ನು ಮುನಿಯಣ್ಣನ ಕೈಗೆ ಕೊಟ್ಟು, ಮರದ ಒಂದು ಎಲೆ ತಂದುಕೊಡು ಎನ್ನುತ್ತಿದ್ದರಂತೆ, ದೇವರ ಮುಂದೆ ಇಡಲಿಕ್ಕೆ.

"ಮರ ಹೆಂಗಿದೆ ಮುನಿಯಣ್ಣ ಅಂತ ಕೇಳೋರು. ಚೆನ್ನಾಗಿದೆ ಅಮ್ಮ ಅನ್ನೋನು. ಮೊದಲ ದಿನ ನಾಕೇ ನಾಕು ಎಲೆ ಹಣ್ಣಾಗಿತ್ತು, ಅದನ್ನೇನು ಹೇಳೋದು ಅಂತ ಸುಮ್ಕಾದೆ. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ. ಹೋದ ಶನಿವಾರ ಅಮ್ಮ ಹೇಳಿದ್ರು, ನಾಳೆ ವಾಕರ್ ಹಿಡ್ಕೊಂಡು ನಾನೇ ಬರ್ತೀನಿ ಅಂತ."

"ಅದಕ್ಕೆ ಕೊಯ್ದುಬಿಟ್ರಿ."

"ಕಳುವಾಗಿದೆ ಅಂದ್ರೆ ಕಳ್ಳನ್ನ ನಾಕು ದಿನ ಬೈಕೊಂಡು ಸಮಾಧಾನ ಮಾಡ್ಕೋತಾರೆ. ಮಗನ ಮರ ಒಣಗಿಹೋಯ್ತು ಅಂತ ಆ ತಾಯಿಗೆ ಯಾವ ಬಾಯಲ್ಲಿ ಹೇಳ್ಲಿ ಅಮ್ಮೋರೆ?"

"ಜೈಲಿಗೆ ಹೋಗ್ತಿದ್ದೆಯಲ್ಲೋ."

"ಜಂಬಣ್ಣ ಹೇಳಿಬಿಡ್ತೀನಿ ಅಂತ ದಿನಾ ಹೊರಡ್ತಾನೆ. ನಾನೇ ಕೂರಿಸ್ತಿದ್ದೆ. ಅವನಿಗೆ ಉಬ್ಬಸ ಬೇರೆ, ಸ್ಟೇಷನ್ ತಣ್ಣಗಿನ ನೆಲ ಆಗಲ್ಲ."

ತುಂಡುಗಳು ಎಲ್ಲಿ ಎಂದಷ್ಟೇ ಕೇಳಿದೆ.

ತುಂಡುಗಳು ಆಮೆಯ ಹೊಟ್ಟೆಯಲ್ಲಿದ್ದವು. ಒಳಗೆ ಟೊಳ್ಳು. ಬಾಲದ ಹತ್ತಿರ ಜಂಬಣ್ಣ ಮೊದಲೇ ಬಿಟ್ಟಿದ್ದ ಒಂದು ಮುಚ್ಚಳವಿತ್ತು. ಭಾನುವಾರ ಬೆಳಕು ಹರಿಯುವ ಮೊದಲೇ ತುಂಡುಗಳನ್ನು ಅದರೊಳಗೆ ಇಟ್ಟು ಹೊಸ ಸಿಮೆಂಟ್ ಬಳಿದಿದ್ದರು. ಹೊಸ ಸಿಮೆಂಟಿಗೆ ಏಳು ದಿನ ನೀರು ಕುಡಿಸದಿದ್ದರೆ ಬಿರುಕು ಬಿಡುತ್ತದೆ. ಏಟು ತಿಂದು ಹೊರಹಾಕಿಸಿಕೊಂಡ ಮೇಲೂ ಮುನಿಯಣ್ಣ ಬೇಲಿ ಬಗ್ಗಿಸಿ ಬರುತ್ತಿದ್ದುದು ಅದಕ್ಕೇ.

"ಸರಿ" ಎಂದೆ. "ಬಾಲಕ್ಕೆ ಬಳಿದಿದ್ದು ಗೊತ್ತಾಯಿತು. ತಲೆಗೆ ಯಾಕೆ?"

"ಅದನ್ನ ಮುನಿಯಣ್ಣನ್ನ ಕೇಳ್ರಿ."

"ನಾನ್ಯಾಕೆ? ಅದು ಜಂಬಣ್ಣಂದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ನಂದಲ್ಲೋ" ಎಂದರು ಜಂಬಣ್ಣ. "ಸೋಮವಾರ ಬಂದಾಗ ತಲೀ ಮ್ಯಾಲೆ ಗೋಣಿ ನೋಡಿದೆ. ಏನರ ಬಿರುಕು ಬಿಟ್ಟಿರಬೇಕು, ನೀನ ಮೆತ್ತೀದಿ ಅಂದ್ಕೊಂಡು ಸುಮ್ನಾದೆ."

"ನಾನೂ ನೀನೇ ಮೆತ್ತಿದೀಯಾ ಅನ್ಕೊಂಡೆ."

ನಾನು ತಲೆಯ ಮೇಲಿನ ಗೋಣಿ ಎತ್ತಿದೆ.

ಹಸಿರು ಟೈಲು. ಕೆಂಪು ಹೂವು. ಆರು ವರ್ಷದಿಂದ ಅರ್ಧವಿದ್ದ ಹೂವು ಪೂರ್ತಿಯಾಗಿತ್ತು. ಎರಡು ಹೋಳಿನ ಅಂಚು ಒಂದಕ್ಕೊಂದು ಕೂದಲಷ್ಟೂ ಸಂದಿಲ್ಲದೆ ಕೂಡಿತ್ತು.

ಜಂಬಣ್ಣ ಬಗ್ಗಿ ಅಂಚಿನ ಸಿಮೆಂಟಿನ ಮೇಲೆ ಹೆಬ್ಬೆರಳು ಎಳೆದರು. "ಕರಣಿ ಮುಟ್ಟಿಸಿಲ್ಲ, ಬೆರಳಿನಾಗ ತೀಡ್ಯಾನ. ಹಿಂಗ ತೀಡಾಕ ನಾ ಒಬ್ಬನಿಗೇ ಕಲಿಸಿದ್ದು." ನನ್ನ ಕಡೆ ತಿರುಗಿದರು. "ಬಂದಿದ್ದ ಅಕ್ಕಾರ. ಹುಡುಗ ಬಂದಿದ್ದ."

ಗೇಟು ಸದ್ದಾಯಿತು.

ವಾಕರ್ ಊರಿಕೊಂಡು ಕಮಲಾಕ್ಷಮ್ಮ, ಅವರ ಹಿಂದೆ ಸೋಮಲಿಂಗಪ್ಪನವರು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮುನಿಯಣ್ಣನನ್ನು ನೋಡಿದ್ದೇ ಸೋಮಲಿಂಗಪ್ಪನವರ ಮುಖ ಕೆಂಪಾಯಿತು.

"ಯಾವ ಮುಖ ಹೊತ್ಕೊಂಡು ಒಳಗೆ ಬಂದ್ಯೋ?"

"ಸಾರ್, ಅವನು ಕದ್ದಿಲ್ಲ" ಎಂದೆ. "ಕದ್ದ ಅನ್ನೋ ಹಾಗೆ ಮಾತಾಡಿದ್ದು ನಾನು. ಅದು ತಪ್ಪು. ದೂರು ಬೇಡ." ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಸುತ್ತಿ ಬಳಸಿ ಹೇಳುವ ವಿಷಯವಲ್ಲ ಅದು.

ಕಮಲಾಕ್ಷಮ್ಮ ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ.

"ಒಣಗಿದ್ದು ನನಗೆ ಗೊತ್ತಿತ್ತು ಮುನಿಯಣ್ಣ" ಎಂದರು.

ಮುನಿಯಣ್ಣ ತಲೆ ಎತ್ತಿ ನೋಡಿದ.

"ಏಪ್ರಿಲಿಂದ ನೀನು ತಂದುಕೊಟ್ಟಿದ್ದು ಹೊಂಗೆ ಎಲೆ. ಹದಿನೈದು ವರ್ಷ ಆ ಮರ ನೋಡಿದೀನಿ, ಎಲೆ ಗೊತ್ತಾಗಲ್ವಾ? ನೀನು ನೊಂದ್ಕೋತೀಯಾ ಅಂತ ನಾನೂ ಕೇಳಲಿಲ್ಲ. ಹೋಗಿ ಕಣ್ಣಾರೆ ನೋಡಿ ನಿನಗೆ ಸಮಾಧಾನ ಹೇಳೋಣ ಅಂತಲೇ ಭಾನುವಾರ ಬರ್ತೀನಿ ಅಂದಿದ್ದು. ಅಷ್ಟರಲ್ಲಿ ಕಳುವಾಯ್ತು ಅಂದ್ರು. ಒಣಗಿದ್ರೂ ನನ್ನ ಮಗನ ಮರ ಅಲ್ವಾ? ತುಂಡಾದ್ರೂ ಸಿಗಲಿ ಅಂತ ಈ ಪೊಲೀಸಮ್ಮನಿಗೆ ಫೋನ್ ಮಾಡಿದೆ."

ಒಬ್ಬರ ಮನಸ್ಸು ನೋಯಬಾರದೆಂದು ಮೂವರು ಸುಮ್ಮನಿದ್ದರು. ಯಾರಾದರೂ ಒಬ್ಬರು ಬಾಯಿಬಿಟ್ಟಿದ್ದರೆ ಮರ ಒಣಗಿಯಾದರೂ ಭಾನುವಾರ ನಿಂತಿರುತ್ತಿತ್ತು.

ಆಗ ಅವರ ಕಣ್ಣು ಆಮೆಯ ಹಣೆಗೆ ಬಿತ್ತು. ವಾಕರ್ ಬಿಟ್ಟು ಎರಡು ಹೆಜ್ಜೆ ಹಾಕಿದರು. ನಾನು ಹೋಗಿ ಹಿಡಿದುಕೊಂಡೆ. ಹೂವಿನ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವವರ ಹಾಗೆ, ಬಹಳ ಹೊತ್ತು ನಿಂತರು.

"ಯಾವಾಗ ಬಂದಿದ್ದ?"

"ಭಾನುವಾರ ಮರ ಕೊಯ್ದ ಮೇಲೆ, ಸೋಮವಾರ ಜಂಬಣ್ಣ ಬರೋದರ ಒಳಗೆ" ಎಂದೆ. ಸೋಮಲಿಂಗಪ್ಪನವರ ಕಡೆ ತಿರುಗಿದೆ. "ಸಾರ್, ಕಲ್ಮೇಶ್ ಮನೆ ಬಿಟ್ಟ ದಿನ ನೀವೇನು ಹೇಳಿದ್ರಿ?"

"ಅದೆಲ್ಲ ಈಗ ಯಾಕೆ?"

"ಹೇಳಿ" ಎಂದರು ಕಮಲಾಕ್ಷಮ್ಮ, ಆಮೆಯ ಹಣೆಯಿಂದ ಕೈ ತೆಗೆಯದೆ. "ಮರದ ಮಾತು ಹೇಳಿ."

ಸೋಮಲಿಂಗಪ್ಪನವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ತಪ್ಪು ಮರೆಮಾಡುವವರು ದನಿ ಏರಿಸುತ್ತಾರೆ. ಅವರೂ ಏರಿಸಿದರು. ರಸ್ತೆಯವರೆಗೂ ಕೇಳುವಷ್ಟು.

"ಹೇಳಿದೆ! ಪರೀಕ್ಷೆ ಕಟ್ಟಲ್ಲ, ಸಿಮೆಂಟ್ ಕಲಸೋಕೆ ಹೋಗ್ತೀನಿ ಅಂದ. 'ಆ ಮರ ಇರೋ ತನಕ ನೀನು ಯಾವಾಗ ಬಂದ್ರೂ ಬಾಗಿಲು ತೆಗೀತೀನಿ. ಮರ ತೆಗೆಸಿದ ದಿನ ಈ ಮನೇಲಿ ನಿನಗೆ ಜಾಗ ಇಲ್ಲ ಅಂತ ತಿಳ್ಕೋ' ಅಂದೆ. ಏನೀಗ?"



ನಾನು ಫೋನ್ ತೆಗೆದು ಸುತ್ತೋಲೆಯ ಫೋಟೋ ದೊಡ್ಡದು ಮಾಡಿದೆ. ತೆಗೆಸಲಾಗಿದೆ. ಅಧ್ಯಕ್ಷರ ಸಹಿ. ಕೆಳಗೆ ಒಂದರ ಕೆಳಗೊಂದು 'ಓದಿದೆ', ಎಲ್ಲದರ ಪಕ್ಕದಲ್ಲೂ ಮನೆ ನಂಬರ್. ಕೊನೆಯದರ ಪಕ್ಕದಲ್ಲಿ ಮಾತ್ರ ನಂಬರ್ ಇರಲಿಲ್ಲ. ಸಣ್ಣ, ದುಂಡನೆಯ ಅಕ್ಷರ.

ಫೋನನ್ನು ಸೋಮಲಿಂಗಪ್ಪನವರ ಕೈಗೆ ಕೊಟ್ಟೆ.

ಅವರು ಓದಿದರು. ಫೋನ್ ಕೈಜಾರಿ ಬೀಳುವುದರಲ್ಲಿತ್ತು, ಮುನಿಯಣ್ಣ ಹಿಡಿದ. ನಾಲ್ಕು ದಿನದ ಹಿಂದೆ ತಾವು ಹೊಡೆದ ಕೆನ್ನೆಯನ್ನು ಆಸರೆಯೋ ಎಂಬಂತೆ ಅವರು ನೋಡಿದರು.

"ಅವನದೇ" ಎಂದರು. ದನಿ ಈಗ ಪಿಸುಗುಟ್ಟಿದ ಹಾಗಿತ್ತು. "ಕಮಲಾ, ನಾನು ತೆಗೆಸಲಿಲ್ಲ ಕಣೇ. ಸುಮ್ಮನೆ ಬರೆದೆ. ಆರು ವರ್ಷ ಆ ಮರದ ಕಡೆ ನೋಡೋಕೆ ಧೈರ್ಯ ಆಗಲಿಲ್ಲ. ತೆಗೆಸೋದು ಎಲ್ಲಿಂದ ಬಂತು?"

ಮುನಿಯಣ್ಣ ಗೋಣಿಚೀಲವನ್ನು ಕೈಯಲ್ಲಿ ಹಿಡಿದು ನಿಂತಿದ್ದ.

"ಅಮ್ಮೋರೆ, ಒಂದ್ ಮಾತು. ತಲೆ ಮೇಲಿನ ಈ ಚೀಲಕ್ಕೆ ನಾನು ಒಂದಿನಾನೂ ನೀರು ಹಾಕಿಲ್ಲ. ನಾನು ಬರೋ ಹೊತ್ತಿಗೆ ದಿನಾ ಒದ್ದೆ ಇರ್ತಿತ್ತು. ಜಂಬಣ್ಣ ಬಂದು ಹೋಗಿದಾನೆ ಅನ್ಕೋತಿದ್ದೆ. ಇವತ್ತೊಂದಿನವೇ ಒಣಗಿರೋದು."

"ದಿನಾ ಬಂದಾನ" ಎಂದರು ಜಂಬಣ್ಣ. "ಸಿಟ್ಟು ಎಷ್ಟ ಇರಲಿ, ಕೆಲಸ ಅರ್ಧಕ್ಕ ಬಿಡಬಾರ್ದು, ಏಳು ದಿನ ನೀರು ಹಾಕಬೇಕು ಅಂತ ಕಲಿಸೀನಿ. ಐದನೇ ದಿನಕ್ಕ ಬಿಡಾಂವಲ್ರಿ. ಇವತ್ತ ಯಾಕ ಬರಲಿಲ್ಲ?"

ಯಾಕೆ ಬರಲಿಲ್ಲ ಎಂದು ನನಗೆ ಗೊತ್ತಿತ್ತು. ಇವತ್ತು ಬೆಳಿಗ್ಗೆ ಗೇಟಿಗೆ ಬೀಗ ಹಾಕಿಸಿದವಳು ನಾನು. ಅವನು ಬಂದಿದ್ದ. ಬೀಗ ನೋಡಿ, ತಂದ ನೀರನ್ನು ಹೊರಗೇ ಇಟ್ಟಿದ್ದ. ಆ ಕ್ಯಾನನ್ನು ನಾನು ಕಾಲಿನಿಂದ ನೂಕಿ ಒಳಗೆ ಬಂದಿದ್ದೆ.

ಅರವತ್ತೊಂದರ ಮೊಣಕಾಲು ಎಷ್ಟು ಓಡುತ್ತದೋ ಅಷ್ಟು ಓಡಿದೆ.

ಗೇಟಿನ ಹೊರಗೆ ಕ್ಯಾನ್ ಇರಲಿಲ್ಲ. "ಇಲ್ಲಿದ್ದ ನೀರಿನ ಕ್ಯಾನ್ ಎಲ್ಲಿ?" ಎಂದು ಕೂಗಿದೆ.

"ನಾವು ಬಂದಾಗ ಇತ್ತು!" ಎಂದು ಕಮಲಾಕ್ಷಮ್ಮ ಒಳಗಿನಿಂದ ಕೂಗಿದರು. "ನನ್ನ ವಾಕರ್ ಕಾಲು ಅದಕ್ಕೇ ತಗುಲ್ತು!"

ಕಲ್ಲುಹಾಸಿನ ಮೇಲೆ ತೊಟ್ಟುತೊಟ್ಟಾಗಿ ನೀರು ಬಿದ್ದಿತ್ತು. ಮೇ ತಿಂಗಳ ಬಿಸಿಲು, ಹಿಂದಿನ ತೊಟ್ಟುಗಳು ನಾನು ನೋಡುತ್ತಿದ್ದಂತೆ ಆರಿಹೋಗುತ್ತಿದ್ದವು. ಅವು ಮುಖ್ಯರಸ್ತೆಯ ಕಡೆ ಹೋಗಿರಲಿಲ್ಲ. ಬೇಲಿಯನ್ನೇ ಹಿಡಿದು ಪಾರ್ಕನ್ನು ಸುತ್ತಿಕೊಂಡು, ದಾಸವಾಳದ ಸಾಲಿನ ಹಿಂದೆ ಹೋಗಿದ್ದವು. ಆಮೆಯಿಂದ ಹತ್ತು ಹೆಜ್ಜೆ ಕೂಡ ಇಲ್ಲದ ಜಾಗ. ಅಲ್ಲಿ ನಿಂತರೆ ಒಳಗಿನ ಮಾತು ಕೇಳುತ್ತದೆ. ಗಟ್ಟಿಯಾಗಿ ಆಡಿದ ಮಾತು ಕೇಳುತ್ತದೆ, ಪಿಸುಮಾತು ಕೇಳುವುದಿಲ್ಲ.

ಅಲ್ಲಿ ಯಾರೂ ಇರಲಿಲ್ಲ.

ಕ್ಯಾನ್ ಮಗುಚಿ ಬಿದ್ದಿತ್ತು. ಒಂದು ಲೋಟ ನೀರೂ ಚೆಲ್ಲಬಾರದೆಂಬ ಮನೆಯಲ್ಲಿ ಬೆಳೆದ ಹುಡುಗನ ಐದು ಲೀಟರ್ ನೀರು ಇನ್ನೂ ಚರಂಡಿಯ ಕಡೆ ಹರಿಯುತ್ತಲೇ ಇತ್ತು.